ಇಪ್ಪತ್ತು ಎಂದು ಬರೆದ ಉಸಿರು

ಇಲ್ಲ, ಕಿಟಕಿಯ ಬೆಳಕಿನಲ್ಲಿ ಉಸಿರು ಎಣಿಸಿದೆ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಆದರೆ ಎಂಟನೇ ಹಾಸಿಗೆಯ ಹತ್ತಿರ ಕಿಟಕಿಯೇ ಇಲ್ಲ. ಕಳೆದ ವಾರ ಅದೇ ವಾರ್ಡಿಗೆ ಹೋಗಿ ನಿಂತು ನೋಡಿದೆ. ಎಂಟನೆಯದರ ಪಕ್ಕ ಗೋಡೆ, ಗೋಡೆಯ ಮೇಲೆ ಆಕ್ಸಿಜನ್ ಕೊಳವೆ, ಅದರ ಕೆಳಗೆ ಸ್ವಿಚ್ ಬೋರ್ಡು. ಕಿಟಕಿ ಇರುವುದು ಐದನೆಯದಕ್ಕೆ. ಹಾಗಾದರೆ ಆ ಹಾಸಿಗೆಯಲ್ಲಿದ್ದಾಕೆಯ ಎದೆಯ ಮೇಲೆ ಬಿದ್ದಿದ್ದ ಬಿಸಿಲಿನ ಪಟ್ಟಿ, ಅದು ಏರಿಳಿಯುವುದನ್ನು ನೋಡುತ್ತಲೇ ನಾನು ಎಣಿಸಿದ್ದು ಎಂಬ ಮಾತು ಎಲ್ಲಿಂದ ಬಂತು? ಹೇಳಲು ಚೆನ್ನಾಗಿರುತ್ತದೆ ಎಂದು ಯಾವಾಗಲೋ ನಾನೇ ಸೇರಿಸಿರಬೇಕು.

ಆದ್ದರಿಂದ ಇದನ್ನು ಬರೆಯುವಾಗ ಬಿಸಿಲಿನ ಪಟ್ಟಿಯನ್ನು ತೆಗೆದುಹಾಕಿದ್ದೇನೆ. ಇನ್ನೂ ಏನೇನು ತೆಗೆಯಬೇಕಾಗಿದೆಯೋ ತಿಳಿಯದು. ಗಂಟೆ, ಅಂಕಿ, ಔಷಧಿಗಳ ಬಗ್ಗೆ ಮಾತ್ರ ಅನುಮಾನವಿಲ್ಲ. ಆಮೇಲೆ ನಡೆದ ವಿಚಾರಣೆಯಲ್ಲಿ ರೋಗಿಯ ಆ ದಿನದ ಚಾರ್ಟನ್ನು ನನ್ನಿಂದ ಎಷ್ಟು ಸಲ ಓದಿಸಿದರೆಂದರೆ ಪ್ರತಿ ಸಾಲೂ ಬಾಯಿಪಾಠವಾಗಿದೆ. ತೊಂದರೆಯೇನೆಂದರೆ ಆ ದಿನ ಸುಳ್ಳು ಹೇಳಿದ್ದು ಆ ಚಾರ್ಟೇ.

ನಾನು ನರ್ಸ್. ಆಗ ಮೈಸೂರಿನ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ, ಹೆಂಗಸರ ಕಡೆ, ಬೆಳಗಿನ ಪಾಳಿಯಲ್ಲಿದ್ದೆ. ಎಂಟನೇ ಹಾಸಿಗೆಯಲ್ಲಿದ್ದವರು ಕೃಷ್ಣಮೂರ್ತಿಪುರಂನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅರವತ್ತನಾಲ್ಕರ ಹೆಂಗಸು. ಇಲ್ಲಿ ಅವರನ್ನು ಟೈಲರಮ್ಮ ಎಂದು ಕರೆಯುತ್ತೇನೆ. ದೊಡ್ಡ ಕರುಳಿನಲ್ಲಿ ಗೆಡ್ಡೆ ಬೆಳೆದಿತ್ತು. ಅದಿದ್ದ ತುಂಡನ್ನು ಕತ್ತರಿಸಿ ತೆಗೆದು ಉಳಿದ ಎರಡು ತುದಿಗಳನ್ನು ಜೋಡಿಸಿದ್ದರು. ಆಪರೇಷನ್ ಆದ ಮಾರನೆಯ ದಿನವೇ ಅವರ ಬಾಯಿ ಶುರುವಾಯಿತು.

“ಏನ್ ಸಿಸ್ಟರಮ್ಮ, ನಿನ್ ಯೂನಿಫಾರ್ಮಿಗೆ ಈ ತೋಳು ಕೂರಿಸಿದೋನು ಯಾವನು? ಕಂಕುಳಲ್ಲಿ ಎರಡು ಇಂಚು ಬಟ್ಟೆ ಗಂಟು ಕಟ್ಕೊಂಡು ಕೂತದಲ್ಲ.”

“ಆಸ್ಪತ್ರೆಯೋರು ಕೊಟ್ಟಿದ್ದಮ್ಮ. ಎಲ್ರಿಗೂ ಒಂದೇ ಅಳತೆ.”

“ಎಲ್ರಿಗೂ ಒಂದೇ ಅಂದ್ರೆ ಅದು ಅಳತೇನೇ ಅಲ್ಲ ಕಣಮ್ಮ.”

ರೌಂಡ್ಸಿಗೆ ಬಂದ ಸರ್ಜನ್ನರನ್ನೂ ಬಿಡಲಿಲ್ಲ. “ಒಳಗಡೆ ಹಾಕಿರೋದು ಕೈ ಹೊಲಿಗೇನಾ, ಮೆಷಿನ್ನಾ ಡಾಕ್ಟ್ರೇ?” ಎಂದು ಕೇಳಿದರು. ಅವರು ಮೆಷಿನ್ ಎಂದರು. “ಹಂಗಾದ್ರೆ ಒಂದು ಕಣ್ಣಿಟ್ಟಿರಿ. ಮೆಷಿನ್ ಹೊಲಿಗೆ ಒಂದು ಎಳೆ ಬಿಟ್ರೆ ಪೂರ್ತಿ ಬಿಟ್ಕೊಳ್ತದೆ.” ಎಲ್ಲರೂ ನಕ್ಕೆವು. ಈ ಕೊನೆಯ ಮಾತನ್ನು ಅವರು ಆಗಲೇ ಹೇಳಿದ್ದರೋ, ತಿಂಗಳುಗಳ ನಂತರ ಹೇಳಿದ್ದನ್ನು ನಾನು ಹಿಂದಕ್ಕೆ ತಂದು ಇಲ್ಲಿ ಇಟ್ಟಿದ್ದೇನೋ, ಆಣೆ ಮಾಡಿ ಹೇಳಲಾರೆ. ಆದರೆ ನಕ್ಕಿದ್ದು ನೆನಪಿದೆ.

ಟೈಲರಮ್ಮನ ಗಂಡ ಅಂಚೆ ಇಲಾಖೆಯಿಂದ ನಿವೃತ್ತರಾದವರು, ಮಾತು ಕಡಿಮೆ. ಇಬ್ಬರೂ ಊಟದ ಹೊತ್ತಿಗೆ ಮುಂಚೆ ಶಿಲುಬೆಯಿದ್ದ ಜಪಸರ ಹಿಡಿದು ಪ್ರಾರ್ಥನೆ ಹೇಳುತ್ತಿದ್ದರು. ಪ್ರತಿ ಮಣಿಗೂ ಪ್ರಾರ್ಥನೆಯ ಮೊದಲರ್ಧ ಗಂಡನದು, ಉಳಿದರ್ಧ ಟೈಲರಮ್ಮನದು. ಮನೆಯಲ್ಲಿ ಮೂವತ್ತೆಂಟು ವರ್ಷದಿಂದ ಹೀಗೇ ಎಂದು ಅವರೇ ಒಮ್ಮೆ ಹೇಳಿದ್ದರು. ಡ್ರೆಸ್ಸಿಂಗ್ ಟ್ರಾಲಿ ತಳ್ಳಿಕೊಂಡು ಹೋಗುವಾಗ ಆ ಎರಡು ದನಿಗಳು ಒಂದರ ಹಿಂದೊಂದು ಕೇಳಿಸುತ್ತಿದ್ದವು. ನಾನು ಹಳ್ಳಿಯ ಒಕ್ಕಲು ಮನೆಯವಳು, ಆ ಪ್ರಾರ್ಥನೆಯ ಮಾತು ನನಗೆ ಬಾರದು. ಆದರೆ ಅದರ ಲಯ ಎರಡೇ ದಿನದಲ್ಲಿ ಕಿವಿಗೆ ಹತ್ತಿತ್ತು.

ಇನ್ನು ಇಪ್ಪತ್ತರ ವಿಷಯ. ವಾರ್ಡಿನಲ್ಲಿ ನಾಲ್ಕು ಗಂಟೆಗೊಮ್ಮೆ ಪ್ರತಿಯೊಬ್ಬರ ಜ್ವರ, ನಾಡಿ, ರಕ್ತದೊತ್ತಡ, ಆಮ್ಲಜನಕ, ಉಸಿರು ಇಷ್ಟನ್ನು ಬರೆಯಬೇಕು. ಮೊದಲ ನಾಲ್ಕಕ್ಕೂ ಯಂತ್ರವಿದೆ. ಪಟ್ಟಿ ಸುತ್ತಿ, ಬೆರಳಿಗೆ ಕ್ಲಿಪ್ಪು ಹಾಕಿದರೆ ಅಂಕಿ ತಾನೇ ಮೂಡುತ್ತದೆ. ಉಸಿರಿಗೆ ಮಾತ್ರ ಮನುಷ್ಯರು ನಿಂತು ನೋಡಬೇಕು. ಮೂವತ್ತು ಹಾಸಿಗೆಗೆ ಒಂದೊಂದು ನಿಮಿಷವೆಂದರೆ ಅರ್ಧ ಗಂಟೆಯಾಯಿತು. ಇಬ್ಬರು ನರ್ಸುಗಳಿರುವ ಪಾಳಿಯಲ್ಲಿ ಆ ಅರ್ಧ ಗಂಟೆ ಎಲ್ಲಿಯೂ ಸಿಕ್ಕುವುದಿಲ್ಲ. ಹಾಗಾಗಿ ಏದುಸಿರು ಬಿಡುತ್ತಿಲ್ಲ, ನೀಲಿಗಟ್ಟಿಲ್ಲ ಎಂದರೆ ನಾವು ಇಪ್ಪತ್ತು ಎಂದು ಬರೆಯುತ್ತಿದ್ದೆವು. ಯಾರೂ ಹಾಗೆ ಬರೆಯಿರಿ ಎಂದು ಹೇಳಿಕೊಟ್ಟಿರಲಿಲ್ಲ. ಹೊಸದಾಗಿ ಬಂದವಳು ಮೇಲಿನ ಸಾಲು ನೋಡಿ ಕೆಳಗಿನ ಸಾಲು ಬರೆಯುತ್ತಿದ್ದಳು, ಅಷ್ಟೇ. ಇದು ಸೋಮಾರಿತನವೆಂದು ನಮಗೆ ಅನ್ನಿಸಿರಲಿಲ್ಲ. ಕೈಗೆ ಅಂಟಿದ ಬರಹದ ರೂಢಿ ಎಂದುಕೊಂಡಿದ್ದೆವು.

ಮೂರನೆಯ ದಿನ ಬೆಳಗ್ಗೆ ಎಂಟಕ್ಕೆ ಟೈಲರಮ್ಮನ ಚಾರ್ಟಿನಲ್ಲಿ ನನ್ನ ಅಕ್ಷರದಲ್ಲಿ ಇರುವುದು ಹೀಗೆ: ಜ್ವರ ಇಲ್ಲ, ನಾಡಿ ಎಂಬತ್ತನಾಲ್ಕು, ಒತ್ತಡ ನೂರಹದಿನೆಂಟು ಎಪ್ಪತ್ತಾರು, ಆಮ್ಲಜನಕ ತೊಂಬತ್ತಾರು, ಉಸಿರು ಇಪ್ಪತ್ತು.

ಹನ್ನೆರಡರ ಸುತ್ತು ಅವತ್ತು ತಡವಾಗಿ, ಎಂಟನೇ ಹಾಸಿಗೆಯನ್ನು ಇನ್ನೂ ಮುಟ್ಟಿರಲಿಲ್ಲ. ಹನ್ನೆರಡೂವರೆಯ ಸುಮಾರಿಗೆ ಆಂಟಿಬಯಾಟಿಕ್ ಹಾಕಲು ಹೋದೆ. ಅವರ ಗಂಡ ಒಬ್ಬರೇ ಪ್ರಾರ್ಥನೆ ಹೇಳುತ್ತಿದ್ದರು. ಒಂದೇ ದನಿ, ನಿಲ್ಲದೆ. ನಾನು ಸಲೈನ್ ನಿಲ್ಲಿಸಿ ಔಷಧಿ ಜೋಡಿಸುತ್ತಿದ್ದವಳು ಸುಮ್ಮನೆ ತಮಾಷೆಗೆ ಕೇಳಿದೆ. “ಏನ್ ಸರ್, ಇವತ್ತು ಅಮ್ಮನ ಪಾಲೂ ನೀವೇ ಹೇಳ್ತಿದೀರಾ? ಜಗಳ ಆಡಿದ್ರಾ?”

“ಅವಳೇ ಹೇಳಿದ್ಳು ಸಿಸ್ಟರ್. ಇವತ್ತು ಎರಡೂ ನೀವೇ ಹೇಳ್ಬಿಡಿ, ನಾನು ಮನಸ್ಸಲ್ಲಿ ಹೇಳ್ಕೋತೀನಿ ಅಂತ.”

ನಾನು ಟೈಲರಮ್ಮನನ್ನು ನೋಡಿದೆ. ಅವರು ನನ್ನ ತೋಳನ್ನು ನೋಡಲಿಲ್ಲ. “ಯಾಕಮ್ಮ, ಸುಸ್ತಾ?” ಎಂದೆ.

“ಸುಸ್ತೇನಿಲ್ಲ,” ಎಂದರು. ಉಸಿರು. “ಭುಜ ಹಿಡ್ಕೊಂಡದೆ.” ಉಸಿರು. “ದಿಂಬು ಸರಿಯಿಲ್ಲ.”

ಎರಡು ಮಾತಿಗೊಂದು ಉಸಿರು. ಮೊನ್ನೆ ಇದೇ ಹೆಂಗಸು ನನ್ನ ಯೂನಿಫಾರ್ಮಿನ ಕುತ್ತಿಗೆಯಿಂದ ಕೆಳಗಿನ ಮಡಿಕೆಯವರೆಗಿನ ದೋಷಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ್ದರು.

ಉಸಿರು ಎಣಿಸುತ್ತೇನೆ ಎಂದು ರೋಗಿಗೆ ಹೇಳಬಾರದು. ಹೇಳಿದರೆ ಅವರು ಉಸಿರನ್ನು ಸರಿಪಡಿಸಿಕೊಳ್ಳುತ್ತಾರೆ. ನಾಡಿ ನೋಡುವವಳಂತೆ ಮಣಿಕಟ್ಟು ಹಿಡಿದು, ಆ ಕೈಯನ್ನೇ ಮೆಲ್ಲಗೆ ಅವರ ಎದೆಯ ಮೇಲಿಟ್ಟು, ಗಡಿಯಾರ ನೋಡುತ್ತಾ ನಿಲ್ಲಬೇಕು. ಕೈ ಏರಿದರೆ ಒಂದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬಾರದು, ಒಂದು ತಪ್ಪಿದರೆ ನಾಲ್ಕು ತಪ್ಪುತ್ತದೆ. ಇದು ಕಾಲೇಜಿನಲ್ಲಿ ಕಲಿತದ್ದು. ನಾನು ಪೂರ್ತಿ ನಿಮಿಷ ನಿಂತೆ. ಮೂವತ್ತು. ಮತ್ತೊಂದು ನಿಮಿಷ ನಿಂತೆ. ಮೂವತ್ತೆರಡು. ಗಂಡ ಪ್ರಾರ್ಥನೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು.

ಯಂತ್ರಗಳು ಹೇಳುತ್ತಿದ್ದುದು ಬೇರೆ. ಜ್ವರವಿಲ್ಲ, ನಾಡಿ ಎಂಬತ್ತೆಂಟು, ಆಮ್ಲಜನಕ ತೊಂಬತ್ತೈದು. ಎಲ್ಲ ಸರಿಯಾಗಿಯೇ ಇದೆ. ಆದರೆ ಔಷಧಿಯ ಹಾಳೆ ತಿರುವಿದಾಗ ಆ ಸರಿಯೆಲ್ಲ ಒಂದೊಂದೇ ಕಳಚತೊಡಗಿತು. ಆರು ಗಂಟೆಗೊಮ್ಮೆ ಜ್ವರದ ಔಷಧಿ ನರಕ್ಕೆ ಹೋಗುತ್ತಿದೆ, ಜ್ವರ ಎಲ್ಲಿಂದ ಕಾಣಬೇಕು? ಬಿ.ಪಿ.ಗೆಂದು ಮನೆಯಲ್ಲಿ ನುಂಗುತ್ತಿದ್ದ ಮಾತ್ರೆ ಬೆಳಗ್ಗೆಯೂ ಕೊಟ್ಟಿದ್ದೇವೆ. ಅದು ಎದೆಬಡಿತವನ್ನು ಏರಲು ಬಿಡದ ಜಾತಿಯ ಮಾತ್ರೆ. ಒತ್ತಡ ನೂರಹನ್ನೆರಡು ಎಪ್ಪತ್ತು, ನೋಡಲು ಚೆನ್ನಾಗಿದೆ. ಆದರೆ ದಾಖಲಾದ ದಿನ ಇದೇ ಹೆಂಗಸಿಗೆ ನೂರೈವತ್ತು ಇತ್ತು. ಮೂತ್ರದ ಚೀಲದಲ್ಲಿ ಎಂಟರಿಂದ ಈಚೆಗೆ, ನಾಲ್ಕೂವರೆ ಗಂಟೆಯಲ್ಲಿ, ಬರೀ ಎಂಬತ್ತು ಮಿಲಿ. ಬಣ್ಣ ಕಡು ಕಷಾಯದಂತೆ. ಉಗುರು ಒತ್ತಿ ಬಿಟ್ಟರೆ ಕೆಂಪು ಮರಳಲು ತಡ. ಮೊಣಕಾಲು ಮುಟ್ಟಿದೆ, ತಣ್ಣಗಿತ್ತು. ಭುಜದ ನೋವು ದಿಂಬಿನದಲ್ಲದೆ ಇರಬಹುದು. ಹೊಟ್ಟೆಯೊಳಗೆ ಏನಾದರೂ ಸೋರಿ ಮೇಲಿನ ಪೊರೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ.

ಒಳಗಿನ ಜೋಡಣೆ ಬಿಟ್ಟಿರಬಹುದು ಎಂದು ನನಗೆ ಅನ್ನಿಸಿದ್ದು ಆಗ. ಬಿಟ್ಟಿದ್ದರೆ ಗಂಟೆಗಳ ಲೆಕ್ಕ. ತಡವಾದಷ್ಟೂ ವಿಷ ರಕ್ತಕ್ಕೇರುತ್ತದೆ, ಆ ವಯಸ್ಸಿನಲ್ಲಿ ಮರಳಿ ಬರುವವರು ಕಡಿಮೆ.

ಡ್ಯೂಟಿ ಡಾಕ್ಟರು ಐದು ನಿಮಿಷದಲ್ಲಿ ಬಂದರು. ಓದು ಮುಗಿಸಿ ಹೆಚ್ಚು ದಿನವಾಗಿರದ ಹುಡುಗ, ಒಳ್ಳೆಯವರು. ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು, ಹೊಟ್ಟೆ ಮುಟ್ಟಿ ನೋಡಿದರು, ಹೊಟ್ಟೆಯಿಂದ ಹೊರಬಂದ ಕೊಳವೆಯ ಚೀಲವನ್ನು ಎತ್ತಿ ಹಿಡಿದರು. ತಿಳಿಯಾದ ಹತ್ತು ಮಿಲಿ ನೀರು. “ಡ್ರೈನ್ ಕ್ಲೀನ್ ಇದೆ ಸಿಸ್ಟರ್. ಲೀಕ್ ಆಗಿದ್ರೆ ಇಲ್ಲಿ ಬರ್ಬೇಕಿತ್ತಲ್ವಾ?” ಆಮೇಲೆ ಚಾರ್ಟು ನೋಡಿದರು. “ಎರಡು ದಿನದಿಂದ ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಬೆಳಗ್ಗೇನೂ ಇಪ್ಪತ್ತು. ಈಗ ಮೂವತ್ತು ಅಂದ್ರೆ ಈಗಷ್ಟೇ ನೋವು ಜಾಸ್ತಿಯಾಗಿರ್ಬೇಕು. ನೋವಿನ ಇಂಜೆಕ್ಷನ್ ಕೊಡಿ, ಸಂಜೆ ರೌಂಡ್ಸಲ್ಲಿ ಸರ್‌ಗೆ ತೋರಿಸೋಣ.”

ಅವರ ತರ್ಕದಲ್ಲಿ ತಪ್ಪಿರಲಿಲ್ಲ. ನಾವು ಕೊಟ್ಟ ಅಂಕಿಗಳಿಂದ ಯಾರೇ ಆದರೂ ಅಲ್ಲಿಗೇ ಬರುತ್ತಿದ್ದರು.

“ಆ ಇಂಜೆಕ್ಷನ್ ಕೊಟ್ರೆ ಉಸಿರು ನಿಧಾನ ಆಗತ್ತೆ ಡಾಕ್ಟ್ರೇ. ನಮ್ಮ ಕೈಲಿರೋ ಸುಳಿವು ಅದೊಂದೇ. ಅಮ್ಮನಿಗೆ ಹೊಟ್ಟೆ ನೋವು ಅಷ್ಟಿಲ್ಲ ಅಂತ ಅವರೇ ಹೇಳ್ತಿದಾರೆ. ಅರ್ಧ ಗಂಟೆ ತಡೀಲಾ?”

ಅವರು ತಲೆ ಕೆರೆದುಕೊಂಡು, “ಸರಿ, ಅರ್ಧ ಗಂಟೆ,” ಎಂದು ಹೋದರು.

ಚಾರ್ಟನ್ನು ಎತ್ತಿಕೊಂಡು ಇನ್‌ಚಾರ್ಜ್ ಅಕ್ಕನ ಮೇಜಿನ ಹತ್ತಿರ ಹೋದೆ. ಕುಂಬಾರಕೊಪ್ಪಲಿನವರು, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ವಾರ್ಡು ಕಂಡವರು. ನಾನು ಸರ್ಜನ್ನರಿಗೆ ನೇರವಾಗಿ ಫೋನ್ ಮಾಡುತ್ತೇನೆ ಎಂದೆ. ಅವರು ಬೇಡವೆನ್ನಲಿಲ್ಲ.

“ಮಾಡು. ಆದ್ರೆ ಅವ್ರು ಮೊದ್ಲು ಕೇಳೋದೇ ಬೆಳಗ್ಗೆ ಎಷ್ಟಿತ್ತು ಅಂತ. ಏನಂತೀಯ?”

“ಇದ್ದದ್ದನ್ನೇ ಅಂತೀನಿ ಅಕ್ಕ. ಈ ಇಪ್ಪತ್ತುಗಳನ್ನ ನಂಬ್ಬೇಡಿ ಅಂತ.”

ಅವರು ಕನ್ನಡಕ ತೆಗೆದರು. “ಎಂಗೆ ಏಳ್ತೀಯ ಅಂಗೆ? ಮೂರು ಪಾಳಿ ಹುಡ್ಗೀರ ಸಹಿ ಅದೆ ಅದ್ರಲ್ಲಿ. ನಿಂದೂ ಅದೆ. ಬುಡು, ಈಗ ಮೂವತ್ತಾಯ್ತು ಅಂತ ಮಾತ್ರ ಏಳು. ಸಾಕು.”

“ಸಾಕಾಗಲ್ಲ ಅಕ್ಕ. ಈಗ ಶುರುವಾಗಿದ್ದು ಅಂದ್ರೆ ಅವರೂ ನೋವು ಅಂತಲೇ ಅಂದ್ಕೋತಾರೆ. ಯಾವಾಗಿಂದಲೋ ಇದೆ, ನಾವು ನೋಡಿಲ್ಲ ಅಂದ್ರೆ ಬರ್ತಾರೆ.”

ಅಕ್ಕ ಫೋನನ್ನು ನನ್ನ ಕಡೆಗೆ ತಳ್ಳಿದರು. ನಾನು ಹೇಳುವಾಗ ಇದನ್ನು ಅನುಮತಿಯೆಂದೇ ಹೇಳುತ್ತೇನೆ. “ನಿನ್ ಹಣೆಬರ ಮಾಡ್ಕೋ ಓಗು” ಎಂಬ ಅರ್ಥದಲ್ಲಿ ತಳ್ಳಿದ್ದರೂ ತಳ್ಳಿರಬಹುದು.

ಸರ್ಜನ್ ಊರಿನ ಇನ್ನೊಂದು ತುದಿಯ ತಮ್ಮ ಕ್ಲಿನಿಕ್ಕಿನಲ್ಲಿದ್ದರು. ನಾನು ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ: ಯಾರು, ಏನಾಗಿತ್ತು, ಈಗ ಏನು ಕಾಣುತ್ತಿದೆ, ನನಗೆ ಏನು ಬೇಕು. ಅದನ್ನು ನೋಡಿಕೊಂಡೇ ಹೇಳಿದೆ.

“ಮೂವತ್ತು? ನೀವೇ ಎಣಿಸಿದ್ರಾ?”

“ನಾನೇ ಸರ್. ಎರಡು ಸಲ, ಪೂರ್ತಿ ನಿಮಿಷ.”

“ಬೆಳಗ್ಗೆ?”

“ಇಪ್ಪತ್ತು ಅಂತ ಬರ್ದಿದೀನಿ ಸರ್. ಎಣಿಸಿದ್ದು ನೆನಪಿಲ್ಲ. ಹಿಂದಿನ ಪಾಳಿಗಳದ್ದೂ ನಂಬೋ ಹಾಗಿಲ್ಲ.”

ಆ ಕಡೆ ಯಾರೋ ರೋಗಿ ಕೆಮ್ಮಿದ್ದು ಕೇಳಿಸಿತು.

“ಹಾಗಾದ್ರೆ ಆ ಹಾಳೇಲಿ ನಂಬೋ ಹಾಗಿರೋದು ಯಾವುದು?”

“ಮೂತ್ರದ ಅಳತೆ. ಕೊಟ್ಟಿರೋ ಔಷಧಿ. ಆಮೇಲೆ ಹನ್ನೆರಡೂವರೆಯಿಂದ ಈಚೆಗೆ ನಾನು ಬರ್ದಿರೋದು.”

“ಬಾಯಿಗೆ ಏನೂ ಕೊಡ್ಬೇಡಿ. ಸಲೈನ್ ಜೋರಾಗಿ ಬಿಡಿ, ಆಕ್ಸಿಜನ್ ಹಾಕಿ, ರಕ್ತ ಕಳ್ಸಿ, ಸ್ಕ್ಯಾನಿಗೆ ಹೇಳಿ. ಡ್ಯೂಟಿ ಡಾಕ್ಟರಿಗೆ ಫೋನ್ ಕೊಡಿ. ಬರ್ತೀನಿ.”

ಫೋನಿಟ್ಟ ಮೇಲೆ ನರ್ಸುಗಳ ಟಿಪ್ಪಣಿಯಲ್ಲಿ ಬರೆದೆ: ಈ ಮುಂಚಿನ ಉಸಿರಾಟದ ಅಂಕಿಗಳನ್ನು ಎಣಿಸಿ ಬರೆದಿರುವ ಬಗ್ಗೆ ಖಾತ್ರಿಯಿಲ್ಲ. ಕೆಳಗೆ ಸಮಯ, ಸಹಿ. ಅಷ್ಟು ಸಣ್ಣ ವಾಕ್ಯ ಬರೆಯಲು ನನಗೆ ಅಷ್ಟು ಹೊತ್ತು ಎಂದೂ ಹಿಡಿದಿರಲಿಲ್ಲ. ಎರಡು ಗಂಟೆಗೆ ಪಾಳಿ ಮುಗಿಯಿತು. ರಾಮಕೃಷ್ಣನಗರದ ಬಸ್ಸು ಹಿಡಿಯುವವಳು ಹಿಡಿಯಲಿಲ್ಲ. ಮುಂದಿನ ಪಾಳಿಗೆ ಬಂದವಳಿಗೆ ಉಳಿದ ಹಾಸಿಗೆಗಳನ್ನು ಒಪ್ಪಿಸಿ, ಎಂಟನೆಯದನ್ನು ಮಾತ್ರ ನಾನೇ ಇಟ್ಟುಕೊಂಡೆ. ಕಾಲು ಗಂಟೆಗೊಮ್ಮೆ ಒಂದು ನಿಮಿಷ. ಮೂವತ್ತೆರಡು, ಮೂವತ್ತೆರಡು, ಮೂವತ್ತನಾಲ್ಕು.

“ಏನಮ್ಮ ಕೈ ಹಿಡ್ಕೊಂಡೇ ನಿಂತ್ಬುಟ್ಟೆ,” ಎಂದರು ಟೈಲರಮ್ಮ. ಉಸಿರು. “ಹೆಣ್ಣು ನೋಡಕ್ಕೆ ಬಂದೋಳಂಗೆ.”

ಮೂರು ಗಂಟೆಗೆ ಸರ್ಜನ್ ಬಂದರು. ಸ್ಕ್ಯಾನಿನಲ್ಲಿ ಕಂಡಿತು. ಜೋಡಣೆಯ ಹಿಂಬದಿಯಲ್ಲಿ ಸೋರಿಕೆ, ಕೊಳೆ ಒಂದು ಮೂಲೆಯಲ್ಲಿ ಕೂಡಿಕೊಂಡಿತ್ತು, ಡ್ರೈನಿನ ತುದಿ ಇನ್ನೊಂದು ಮೂಲೆಯಲ್ಲಿ. ನಾವು ನಂಬಿದ್ದ ತಿಳಿನೀರು ಬಂದದ್ದು ಯಾವ ತೊಂದರೆಯೂ ಇಲ್ಲದ ಜಾಗದಿಂದ. ಸಂಜೆ ಐದೂವರೆಗೆ ಥಿಯೇಟರಿಗೆ ಒಯ್ದರು. ಹೊಟ್ಟೆ ತೊಳೆದು, ಕರುಳಿನ ತುದಿಯನ್ನು ಸದ್ಯಕ್ಕೆ ಹೊಟ್ಟೆಯ ಮೇಲೆ ತೆರೆದು ಚೀಲ ಹಾಕಿದರು. ಥಿಯೇಟರಿನ ಬಾಗಿಲಲ್ಲಿ ಅವರ ಗಂಡ ಜಪಸರವನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ಒರೆಸಿಕೊಂಡು, ವಾಪಸು ತೆಗೆದುಕೊಂಡರು.

ಹೊರಬಂದ ಸರ್ಜನ್, “ನಾಳೆಯಾಗಿದ್ರೆ ಕಷ್ಟ ಇತ್ತು,” ಎಂದರು, ನನಗಲ್ಲ, ಡ್ಯೂಟಿ ಡಾಕ್ಟರಿಗೆ. ಆ ಹುಡುಗ ನನ್ನ ಕಡೆ ಕೈ ತೋರಿಸಿದರು. ಆ ಕೈ ತೋರಿಸಿದ್ದನ್ನು ನಾನು ಮರೆಯುವುದಿಲ್ಲ. ಅದು ನಡೆದೇ ಇರಲಿಲ್ಲ ಎಂದು ಯಾರಾದರೂ ಸಾಬೀತು ಮಾಡಿದರೂ ಬಿಟ್ಟುಕೊಡುವುದಿಲ್ಲ. ನನಗೆ ಹೆಮ್ಮೆಯಿದೆ, ಅದನ್ನು ಮುಚ್ಚಿಡುವುದು ಯಾಕೆ? ಯಂತ್ರಗಳೆಲ್ಲ ಸರಿ ಎಂದಾಗ ಒಂದು ಗಡಿಯಾರ, ಒಂದು ಕೈ, ಎರಡು ಕಿವಿ ಇಟ್ಟುಕೊಂಡು ಅಲ್ಲ ಎಂದೆ. ಅದು ನಮ್ಮ ವಿದ್ಯೆ. ಡಾಕ್ಟರಿಂದ ಎರವಲು ತಂದದ್ದಲ್ಲ.

ವಿಚಾರಣೆ ನಡೆಯಿತು. ಯಾರ ಕೆಲಸವೂ ಹೋಗಲಿಲ್ಲ, ಆದರೆ ಮೂರು ಪಾಳಿಗೂ ಬೈಗುಳ ಬಿತ್ತು. ಕೆಲವು ತಿಂಗಳು ಇಬ್ಬರು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ನಾನು ಒಳಗೆ ಬಂದರೆ, “ನಿಮಿಷದಮ್ಮ ಬಂದ್ರು ಕಣ್ರೇ, ಕಾಯಿ ಒಡೀರಿ,” ಎನ್ನುತ್ತಿದ್ದರು. ಅಕ್ಕ ಮಾತ್ರ ಒಂದು ದಿನ ಚಾರ್ಟಿನ ಉಸಿರಿನ ಕಾಲಂ ಅನ್ನು ಬದಲಾಯಿಸಿದರು. ಅಂಕಿಯ ಪಕ್ಕ ಎಣಿಸಿದವರ ಹೆಸರಿನ ಮೊದಲ ಅಕ್ಷರಕ್ಕೊಂದು ಚಿಕ್ಕ ಚೌಕ. ಆಪರೇಷನ್ ಆದ ಮೊದಲ ಐದು ದಿನದವರಿಗೆ ಪೂರ್ತಿ ನಿಮಿಷ ಕಡ್ಡಾಯ, ಉಳಿದವರಿಗೆ ಪಾಳಿಗೊಂದು ಸಲ. ಅಷ್ಟು ಸಮಯ ಸಿಕ್ಕಿತು, ಹೇಗೋ ಗೊತ್ತಿಲ್ಲ. ಹದಿನೇಳು, ಇಪ್ಪತ್ತೊಂದು, ಹದಿನಾಲ್ಕು ಎಂಬ ಅಂಕಿಗಳು ಚಾರ್ಟಿನಲ್ಲಿ ಕಾಣತೊಡಗಿದವು. ಈಗ ಅಲ್ಲಿ ಹೊಸ ಹುಡುಗಿಯರು ಒಬ್ಬರನ್ನೊಬ್ಬರು “ನಿಮಿಷ ನಿಂತ್ಯಾ?” ಎಂದೇ ಕೇಳುತ್ತಾರೆ. ಆ ಮಾತು ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿಲ್ಲ.

ಟೈಲರಮ್ಮ ನಾಲ್ಕು ತಿಂಗಳ ನಂತರ ಚೀಲ ತೆಗೆಸಿ ಕರುಳು ಮತ್ತೆ ಜೋಡಿಸಿಕೊಳ್ಳಲು ಬಂದರು. ಈ ಸಲ ಕೈ ಹೊಲಿಗೆಯೇ ಆಗಬೇಕೆಂದು ಸರ್ಜನ್ನರ ಹತ್ತಿರ ಜಗಳ ಮಾಡಿದರು. ಮನೆಗೆ ಹೋಗುವ ದಿನ ನನ್ನನ್ನು ನಿಲ್ಲಿಸಿ ಗೇಣು ಹಾಕಿ ತೋಳಿನ ಅಳತೆ ತೆಗೆದುಕೊಂಡರು. “ನಿನ್ನ ಎಡಭುಜ ಬಲದಕ್ಕಿಂತ ಅರ್ಧ ಇಂಚು ಕೆಳಗದೆ, ಗೊತ್ತಾ ನಿಂಗೆ? ಯಾರೂ ನೋಡಿಲ್ಲ ಅಷ್ಟೇ.” ಅವರು ಹೊಲಿದುಕೊಟ್ಟ ಯೂನಿಫಾರ್ಮು ಇವತ್ತಿಗೂ ಕಂಕುಳಲ್ಲಿ ಎಳೆಯುವುದಿಲ್ಲ.

ಆ ದಿನ ಅವರ ಗಂಡ ಒಂದು ಮಾತು ಹೇಳಿದರು. “ನೀವು ಮೊದಲು ಅವಳ ಕೈ ಹಿಡಿದು ಎಣಿಸಿದ್ರಿ ಸಿಸ್ಟರ್. ಆಮೇಲೆ ನನ್ನ ಕಡೆ ತಿರುಗಿ ಪ್ರಾರ್ಥನೆ ಯಾಕೆ ಒಬ್ರೇ ಹೇಳ್ತಿದೀರಿ ಅಂತ ಕೇಳಿದ್ರಿ.” ಇಲ್ಲ ಸರ್, ನಿಮ್ಮ ಮಾತು ಕೇಳಿಯೇ ನಾನು ಎಣಿಸಿದ್ದು ಎಂದೆ. ಅವರು ನಿಧಾನವಾಗಿ ತಲೆಯಾಡಿಸಿದರು, ಒಪ್ಪಲಿಲ್ಲ. ಮೇಲೆ ನಾನು ಬರೆದಿರುವುದು ನನ್ನ ಕ್ರಮ. ಅವರದು ಬೇರೆ. ಅವರು ಸುಳ್ಳು ಹೇಳುವವರಲ್ಲ. ಇದರ ಜೊತೆ ನಾನು ಬದುಕಬಲ್ಲೆ, ಯಾವುದು ಮೊದಲಾದರೇನು, ಎಣಿಸಿದ್ದಂತೂ ನಿಜ.

ಬದುಕಲಾಗದ್ದು ಬೆಳಗಿನ ಎಂಟು ಗಂಟೆಯದು. ನಾನು ಹೋದಾಗ ಟೈಲರಮ್ಮ ಹಲ್ಲುಜ್ಜಿ ಮುಗಿಸಿದ್ದರು. ಪಟ್ಟಿ ಸುತ್ತಿದ್ದು ನೆನಪಿದೆ, ಕ್ಲಿಪ್ಪು ಹಾಕಿದ್ದು ನೆನಪಿದೆ. ಅವರು ಅವತ್ತು ನನ್ನ ತೋಳಿನ ಬಗ್ಗೆ ಏನಾದರೂ ಹೇಳಿದರೇ? ಹೇಳಿದ್ದರೆ ಉಸಿರು ಚೆನ್ನಾಗಿತ್ತು. ಹೇಳದಿದ್ದರೆ ಆಗಲೇ ಶುರುವಾಗಿತ್ತು, ನಾನು ನಾಲ್ಕೂವರೆ ಗಂಟೆ ಕಳೆದೆ. ಎಷ್ಟು ಸಲ ಆ ಹಾಸಿಗೆಯ ಪಕ್ಕಕ್ಕೆ ಮನಸ್ಸಿನಲ್ಲಿ ಹೋಗಿ ನಿಂತರೂ ಅವರ ಬಾಯಿ ಕಾಣುವುದಿಲ್ಲ, ನನ್ನ ಪೆನ್ನು ಮಾತ್ರ ಕಾಣುತ್ತದೆ. ಇಪ್ಪತ್ತು ಎಂದು ಬರೆದಿದ್ದೇನೆ. ಎಣಿಸಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ.